ಸಾರಾಯಿ ಬಿಟ್ಟವನ ಕತೆಯನ್ನು ನಾನು ಬರೆದ ಬಗೆ

ಮಂಡ್ಯ ಸೀಮೆಯ ಆಲೆಮನೆಯೊಂದರಲ್ಲಿ ಪಾಕದ ಹದ ನೋಡುತ್ತಿದ್ದ ನನ್ನ ಸೋದರಮಾವನನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಸಣ್ಣಕತೆ ಬರೆದೆ. ಮೊದಲ ಕರಡಿನಲ್ಲಿ ನಾಯಕ ತೂರಾಡುತ್ತಾ ಮನೆಗೆ ಬರುತ್ತಿದ್ದ, ಹೆಂಡತಿ ಕಂಬ ಹಿಡಿದು ಅಳುತ್ತಿದ್ದಳು. ಅದನ್ನು ಅತ್ತೆಗೆ ಓದಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೆಲ್ಲಿ ಅಳ್ತಿದ್ದೆ? ಅವರು ಹೇಳಿದ್ದನ್ನ ನಾನೂ ನಂಬ್ಕಂಡಿದ್ದೆ ಕಣಪ್ಪ" ಎಂದರು. ಆ ಕರಡನ್ನು ಅಂದೇ ಬಿಟ್ಟೆ. ಕುಡಿದವನ ಕತೆಗಿಂತ, ಅವನೂ ಅವನ ಮನೆಯವರೂ ನಂಬಿದ ಮಾತುಗಳ ಕತೆಯನ್ನು ಬರೆಯಬೇಕಾಗಿತ್ತು.

ಅಂಥ ಮಾತುಗಳಲ್ಲಿ ಮುಖ್ಯವಾದದ್ದು ನನಗೆ ನೆನಪಿತ್ತು. ಸಾರಾಯಿ ಮುಟ್ಟುವುದಿಲ್ಲವೆಂದು ಮಾವ ಧರ್ಮಸ್ಥಳದ ಮಂಜುನಾಥನ ಮೇಲೆ ಆಣೆ ಮಾಡಿದ್ದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟವೇ ನಿಂತಿತು. ಪ್ಯಾಕೆಟ್ ಹೋಗಿ ಬ್ರಾಂಡಿ ಅಂಗಡಿಯ ಕ್ವಾರ್ಟರ್ ಬಂತು. ಕೊನೆಯವರೆಗೂ ಅವರು "ಸಾರಾಯಿ ಮುಟ್ಟಿ ಎಷ್ಟು ವರ್ಸಾತು ಕಣ್ಲಾ" ಎನ್ನುತ್ತಿದ್ದರು, ಮತ್ತು ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ತನಗೆ ತಾನೇ ಮೋಸ ಮಾಡಿಕೊಳ್ಳುವವನಿಗೆ ಸುಳ್ಳಿಗಿಂತ ಇಂಥ ಅರ್ಧ ನಿಜವೇ ಹೆಚ್ಚು ಕೆಲಸಕ್ಕೆ ಬರುತ್ತದೆಂದು ನನಗೆ ಆಗ ಹೊಳೆಯಿತು. ಎರಡನೆಯ ಕರಡಿನಲ್ಲಿ ನಾಯಕನ ಬಾಯಿಂದ ಶುದ್ಧ ಸುಳ್ಳೊಂದನ್ನೂ ಆಡಿಸಲಿಲ್ಲ. ಬೆಲ್ಲ ಕೆಟ್ಟಾಗ ಅವನು ನಾಲೆಯ ನೀರು ತಡವಾಗಿ ಬಂತೆನ್ನುತ್ತಾನೆ, ಕಬ್ಬಿನ ಹಾಲಿಗೆ ಹಾಕಿದ ಸುಣ್ಣ ಸರಿಯಿರಲಿಲ್ಲವೆನ್ನುತ್ತಾನೆ. ಆ ವರ್ಷ ವಿಶ್ವೇಶ್ವರಯ್ಯ ನಾಲೆಯ ನೀರು ನಿಜಕ್ಕೂ ತಡವಾಗಿರುತ್ತದೆ.

ಕೈ ನಡುಕದ ಭಾಗಕ್ಕೆ ಬಹಳ ದಿನ ಹಿಡಿಯಿತು. ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಹದ ಬರುತ್ತದೆ, ಆದರೆ ಆಲೆಮನೆಯಲ್ಲಿ ಅದನ್ನು ಅಳೆಯುವುದು ಬೆರಳು. ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಉಂಡೆ ಕಟ್ಟುತ್ತದೆಯೇ ಎಂದು ನೋಡುತ್ತಾರೆ. ಬೇಗ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ತಡವಾದರೆ ಕಪ್ಪಾಗುತ್ತದೆ. ಇಂಥ ಕೈ ಬೆಳಗಾಗುತ್ತಲೇ ನಡುಗಲು ಶುರುವಾದರೆ? ದಿನವೂ ಕುಡಿಯುವವನ ನರಗಳು ಮದ್ಯಕ್ಕೆ ಒಗ್ಗಿಹೋಗಿರುವುದರಿಂದ, ಕೊನೆಯ ಗುಟುಕು ಕಳೆದು ಕೆಲವು ಗಂಟೆಗಳಲ್ಲೇ ಅವು ಕೆರಳುತ್ತವೆ, ಮತ್ತೆ ಕುಡಿದರೆ ಶಾಂತವಾಗುತ್ತವೆ ಎಂದು ಮೈಸೂರಿನ ವೈದ್ಯರೊಬ್ಬರು ವಿವರಿಸಿದರು. ಇದನ್ನು ಕೇಳಿದಾಗ ನನ್ನ ಎದೆ ಭಾರವಾಯಿತು, ಏಕೆಂದರೆ ಕುಡಿದ ಮೇಲೆ ಮಾವನ ಕೈ ನೆಟ್ಟಗಾಗುತ್ತಿದ್ದುದನ್ನು ನಾನೇ ಕಂಡಿದ್ದೆ, ಅವರಿಗೆ ಅದು ಔಷಧಿಯೆಂದೇ ಚಿಕ್ಕಂದಿನಲ್ಲಿ ತಿಳಿದಿದ್ದೆ. ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಎರಡು ಮೂರು ದಿನಗಳಲ್ಲಿ ಸನ್ನಿ ಹಿಡಿದು ಜೀವಕ್ಕೇ ಅಪಾಯವಾಗಬಹುದು, ಆದ್ದರಿಂದ ವೈದ್ಯರ ನಿಗಾದಲ್ಲೇ ಬಿಡಬೇಕು ಎಂದೂ ಅವರು ಹೇಳಿದರು. ಹೀಗಾಗಿ ನಾಯಕ ಒಂದೇ ಬೆಳಿಗ್ಗೆ ಎಲ್ಲವನ್ನೂ ತೊರೆದು ಹೊಸ ಮನುಷ್ಯನಾಗುವ ಪುಟಗಳನ್ನು ಹರಿದುಹಾಕಿದೆ.

ಅವನು ಕುಸಿಯುತ್ತಾ ಹೋದದ್ದನ್ನು ಅವನು ತನಗೆ ಹಾಕಿಕೊಂಡ ಕಟ್ಟಳೆಯಿಂದ ಅಳೆದೆ. ಮೊದಲು ಕುಡಿಯುವುದು ಒಲೆ ಆರಿದ ಮೇಲೆ ಮಾತ್ರ. ಆಮೇಲೆ ಎರಡನೆಯ ಕೊಪ್ಪರಿಗೆ ಇಳಿದ ಮೇಲೆ. ಕಡೆಗೆ ಒಲೆ ಹೊತ್ತಿಸುವ ಮುಂಚೆ. ಪ್ರತಿ ಸಲವೂ ಕಟ್ಟಳೆ ಬದಲಾದದ್ದನ್ನು ಅವನು ಗಮನಿಸುವುದಿಲ್ಲ. ಕಟ್ಟಳೆ ಇದೆಯೆಂಬುದೊಂದೇ ಅವನಿಗೆ ಸಾಕು. ನಿರೂಪಕನಾಗಿ ನಾನೂ ಅದನ್ನು ಎತ್ತಿ ತೋರಿಸಲಿಲ್ಲ. 'ಕುಡುಕ' ಎಂಬ ಪದ ಕತೆಯಲ್ಲಿ ಒಂದೇ ಸಲ ಬರುತ್ತದೆ, ಅದೂ ಅವನು ಬೇರೊಬ್ಬನನ್ನು ಕುರಿತು ಮರುಗಿ ಆಡುವಾಗ.

ಕೊನೆಯಲ್ಲಿ ಯಜಮಾನರು ಅವನನ್ನು ಕೊಪ್ಪರಿಗೆಯ ಬಳಿಯಿಂದ ಒಲೆಗೆ ಸಿಪ್ಪೆ ತಳ್ಳುವ ಕೆಲಸಕ್ಕೆ ಹಾಕುತ್ತಾರೆ. ಊಟ ತಂದ ಮಗಳಿಗೆ ಅವನು, "ಹುಡುಗ್ರೂ ಕಲೀಲಿ ಅಂತ ಹದ ನೋಡೋದ ಅವರಿಗೆ ಬಿಟ್ಟಿವ್ನಿ ಕಣವ್ವ" ಎನ್ನುತ್ತಾನೆ. ಇದರ ಮುಂದೆ ಅವಳು ತಲೆ ತಗ್ಗಿಸಿದಳೆಂದು ಬರೆದಿದ್ದೆ. ಅತ್ತೆಯ ಮಾತು ನೆನಪಾಗಿ ಅದನ್ನು ಹೊಡೆದುಹಾಕಿ, "ಒಳ್ಳೇದೇ ಮಾಡ್ದೆ ಬುಡಪ್ಪ" ಎಂದು ಅವಳಿಂದ ಹೇಳಿಸಿ, ಅವನ ತಟ್ಟೆಗೆ ಸಾರು ಬಡಿಸಿಸಿದೆ.