ತಲೆನೋವಿನ ಮಾತ್ರೆಯ ಸ್ಟ್ರಿಪ್ ಮೇಲೆಯೇ ತಾರೀಖು ಬರೆಯಿರಿ

ಪದೇ ಪದೇ ತಲೆನೋವು ಬರುವವರು ಮಾತ್ರೆ ನುಂಗಿದ ಕೂಡಲೇ ಸ್ಟ್ರಿಪ್‌ನಲ್ಲಿ ಖಾಲಿಯಾದ ಗುಳಿಯ ಪಕ್ಕದಲ್ಲೇ ಅಂದಿನ ತಾರೀಖು ಗೀಚಿಬಿಡಿ: 4/6, 7/6, 8/6, ಹೀಗೆ. ಹೊಳೆಯುವ ಹಾಳೆಯ ಮೇಲೆ ಬಾಲ್‌ಪೆನ್ ಜಾರುತ್ತದೆ, ಮಾರ್ಕರ್ ಒಳ್ಳೆಯದು. ತಲೆ ಸಿಡಿಯುವಾಗ ಡೈರಿ ಯಾರಿಗೂ ನೆನಪಾಗುವುದಿಲ್ಲ. ಸ್ಟ್ರಿಪ್ ಹೇಗೂ ಕೈಯಲ್ಲೇ ಇರುತ್ತದೆ. ಈ ಲೆಕ್ಕ ಏಕೆಂದರೆ, ನೋವಿನ ಮಾತ್ರೆ ಅತಿಯಾದರೆ ಅದೇ ತಲೆನೋವು ತರುತ್ತದೆ. ಪ್ಯಾರಸಿಟಮಾಲ್, ಐಬುಪ್ರೊಫೆನ್‌ನಂಥವು ತಿಂಗಳಿಗೆ 15 ದಿನ, ಟ್ರಿಪ್ಟಾನ್ (ಮೈಗ್ರೇನ್‌ಗೆ ಕೊಡುವ ಮಾತ್ರೆ) ಅಥವಾ ಕೆಫೀನ್ ಬೆರೆತ ನೋವಿನ ಮಾತ್ರೆಗಳಾದರೆ ಬರೀ 10 ದಿನ ತಲುಪಿ, ಹಾಗೆಯೇ ಮೂರು ತಿಂಗಳು ದಾಟಿದರೆ ವೈದ್ಯರಿಗೆ ಈ ಅನುಮಾನ ಬರುತ್ತದೆ. ಎಣಿಸಬೇಕಾದದ್ದು ದಿನಗಳನ್ನು, ಮಾತ್ರೆಗಳನ್ನಲ್ಲ. ಲೆಕ್ಕ ಮಿತಿಯ ಹತ್ತಿರ ಬಂದರೆ ಆ ಸ್ಟ್ರಿಪ್‌ಗಳನ್ನೇ ವೈದ್ಯರ ಮುಂದಿಡಿ. ಮನೆಮಂದಿಯೆಲ್ಲ ಒಂದೇ ಸ್ಟ್ರಿಪ್‌ಗೆ ಕೈ ಹಾಕುವಲ್ಲಿ ಈ ಉಪಾಯ ನಡೆಯದು, ಅತ್ತೆಯವರ ಮಂಡಿನೋವೂ ನಿಮ್ಮ ಖಾತೆಗೆ ಬೀಳುತ್ತದೆ! ಇದ್ದಕ್ಕಿದ್ದಂತೆ ಸಿಡಿಲು ಬಡಿದ ಹಾಗೆ ಬಂದ ನೋವು, ಜ್ವರದೊಂದಿಗೆ ಕತ್ತು ಬಿಗಿತ, ಮಾತಿನ ತೊದಲು ಅಥವಾ ಕೈಕಾಲಿನ ಬಲಹೀನತೆ ಕಂಡರೆ ತಾರೀಖು ಬರೆಯುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.