ಬ್ರಿಟನ್‌ನಲ್ಲಿ ಪೊಲೀಸರು ತಡೆದರೆ: ದೂರಿಗಿಂತ ಮೊದಲು ವಿಡಿಯೋ ಕೇಳಿ

ಕಳೆದ ವಾರ ಹೊಸದಾಗಿ ಬಂದ ಹುಡುಗನೊಬ್ಬ ಫೋನ್ ಮಾಡಿದ್ದ. ರೈಲ್ವೆ ನಿಲ್ದಾಣದ ಹೊರಗೆ ಪೊಲೀಸರು ತಡೆದು ಬ್ಯಾಗ್ ತಪಾಸಣೆ ಮಾಡಿದ್ದರು. ಏನೂ ಸಿಗಲಿಲ್ಲ, ಬಿಟ್ಟರು. ಆದರೆ ಮಾತಾಡಿದ ರೀತಿ ಸರಿ ಇರಲಿಲ್ಲ. "ದೂರು ಕೊಡೋದಾ ಬೇಡ್ವಾ ಅಂತ ಯೋಚಿಸ್ತಾ ಇದೀನಿ ಅಣ್ಣ" ಅಂದ. ಯಾವಾಗ ಆಗಿದ್ದು ಅಂತ ಕೇಳಿದೆ. ಆಗಲೇ 27 ದಿನ ಕಳೆದಿತ್ತು. ನನ್ನ ಎದೆ ಧಸಕ್ಕೆಂದಿತು, ಯಾಕಂದರೆ ನಾನೂ ಹೀಗೇ ಯೋಚಿಸುತ್ತಾ ಕೂತು ಎಲ್ಲ ಕಳೆದುಕೊಂಡವನು.

ನನಗೂ ಇಂಥದ್ದೇ ಆಗಿತ್ತು. ಇದು ಕಾನೂನಿನ ವಿಷಯ, ವಕೀಲರಿಲ್ಲದೆ ಆಗಲ್ಲ ಅಂದುಕೊಂಡೆ. ಒಬ್ಬ ಸಾಲಿಸಿಟರ್ ಹಿಡಿದೆ. ಅವರು 280 ಪೌಂಡ್ ತೆಗೆದುಕೊಂಡು, ವಿಡಿಯೋ ಕೊಡಿ ಅಂತ ಪೊಲೀಸರಿಗೆ ಚೆಂದದ ಪತ್ರ ಬರೆದರು. ಅದು ಹೋಗುವಷ್ಟರಲ್ಲಿ ಐದು ವಾರ ಆಗಿತ್ತು. "ದೃಶ್ಯ ಈಗ ನಮ್ಮಲ್ಲಿ ಇಲ್ಲ" ಅಂತ ಎರಡು ಸಾಲಿನ ಉತ್ತರ ಬಂತು. ಪೊಲೀಸರು ಮುಚ್ಚಿಟ್ಟಿರಲಿಲ್ಲ. ಪೊಲೀಸರ ಎದೆಯ ಮೇಲಿನ ಕ್ಯಾಮೆರಾದ ವಿಡಿಯೋ ಯಾವುದಾದರೂ ಕೇಸಿಗೆ ಬೇಕಿಲ್ಲದಿದ್ದರೆ ಸಾಮಾನ್ಯವಾಗಿ 31 ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ. ಬೀದಿಯ ಸಿಸಿಟಿವಿಯೂ ಹೆಚ್ಚುಕಡಿಮೆ ಅಷ್ಟೇ. ಜನರ ಚಿತ್ರಗಳನ್ನು ಜಾಸ್ತಿ ದಿನ ಇಟ್ಟುಕೊಳ್ಳಬಾರದು ಅನ್ನುವ ನಿಯಮ ನಮ್ಮ ಒಳ್ಳೆಯದಕ್ಕೇ ಇದೆ. ನನ್ನ ವಿಷಯದಲ್ಲಿ ಅದೇ ಮುಳುವಾಯಿತು.

ಆಮೇಲೆ ಗೊತ್ತಾಯಿತು, ವಕೀಲರು ಬೇಕಿರಲೇ ಇಲ್ಲ. 2018ರ ಡೇಟಾ ಪ್ರೊಟೆಕ್ಷನ್ ಕಾಯ್ದೆಯಲ್ಲಿ 'ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್' ಅಂತ ಇದೆ. ನಿಮ್ಮ ಬಗ್ಗೆ ಇರುವ ಮಾಹಿತಿಯನ್ನು ನೀವೇ ಕೇಳಬಹುದು. ದುಡ್ಡು ಕೊಡಬೇಕಾಗಿಲ್ಲ, ವಿಡಿಯೋ ಇಟ್ಟುಕೊಂಡಿರುವವರಿಗೆ ಒಂದು ಇಮೇಲ್ ಸಾಕು. ಒಂದು ತಿಂಗಳಲ್ಲಿ ಉತ್ತರ ಕೊಡಬೇಕು. ಇನ್ನೂ ಮುಖ್ಯವಾದ ಮಾತು: ನೀವು ಕೇಳಿದ ಮೇಲೆ, ನಿಮಗೆ ಸಿಗಬಾರದು ಅಂತ ಅದನ್ನು ಅಳಿಸಿದರೆ ಅದು ಅಪರಾಧ. ಹಾಗಾಗಿ ಮೊದಲು ಇಮೇಲ್ ಕಳಿಸಿ, ದೂರಿನ ಬಗ್ಗೆ ಆಮೇಲೆ ಯೋಚಿಸಿ.

ಇಮೇಲಿನಲ್ಲಿ "ನನ್ನ ಬಗ್ಗೆ ಇರುವುದೆಲ್ಲ ಕೊಡಿ" ಅಂತ ಬರೆಯಬೇಡಿ. ವಿವರ ಕೊಡಿ ಅಂತ ಅವರು ವಾಪಸ್ ಬರೆಯುತ್ತಾರೆ, ದಿನಗಳು ಹೋಗುತ್ತವೆ. ತಾರೀಕು, ಗಂಟೆ, ಜಾಗ, ಹಾಕಿಕೊಂಡಿದ್ದ ಬಟ್ಟೆಯ ಬಣ್ಣ, ಅಧಿಕಾರಿಯ ಭುಜದ ಮೇಲಿನ ನಂಬರ್ ಬರೆಯಿರಿ. ಪಾಸ್‌ಪೋರ್ಟ್ ಪ್ರತಿಯನ್ನು ಜೊತೆಗೇ ಹಾಕಿ. ಇಲ್ಲದಿದ್ದರೆ ಗುರುತು ತೋರಿಸಿ ಅಂತ ಇನ್ನೊಂದು ವಾರ ಹೋಗುತ್ತದೆ. ಆ ಹುಡುಗನಿಗೆ ಹೇಳಿ ಅವತ್ತು ರಾತ್ರಿಯೇ ಇಮೇಲ್ ಕಳಿಸುವಂತೆ ಮಾಡಿದೆ.

ಫೋನ್ ಕದ್ದಾಲಿಕೆ ಬೇರೆಯದೇ ಲೋಕ. ಇಲ್ಲಿ 2016ರ ಇನ್ವೆಸ್ಟಿಗೇಟರಿ ಪವರ್ಸ್ ಕಾಯ್ದೆಯ ಪ್ರಕಾರ ಮಂತ್ರಿ ಸಹಿ ಹಾಕಿದರೆ ಸಾಲದು, ಜುಡಿಷಿಯಲ್ ಕಮಿಷನರ್, ಅಂದರೆ ಹಿರಿಯ ನ್ಯಾಯಾಧೀಶರ ಮಟ್ಟದವರು, ಕೂಡ ಒಪ್ಪಬೇಕು. ಇದನ್ನು 'ಡಬಲ್ ಲಾಕ್' ಅನ್ನುತ್ತಾರೆ. ನಮ್ಮಲ್ಲಿ ಆದೇಶ ಕೊಡುವವರು ಗೃಹ ಕಾರ್ಯದರ್ಶಿ, ಅದನ್ನು ಪರಿಶೀಲಿಸುವ ಸಮಿತಿಯಲ್ಲೂ ಸರ್ಕಾರದ ಕಾರ್ಯದರ್ಶಿಗಳೇ. ನ್ಯಾಯಾಧೀಶರು ಎಲ್ಲೂ ಬರುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಹಾಕಿದ ಕೇಸಿನಲ್ಲೇ. ಆದರೂ ಈ ಬೀಗ ನಮಗಿನ್ನೂ ಬಂದಿಲ್ಲ. ಈ ಒಂದು ವಿಷಯದಲ್ಲಿ ಇಲ್ಲಿನದೇ ಮೇಲು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಹಾಗಂತ ಇಲ್ಲಿ ತಪ್ಪಾಗಲ್ಲ ಅಂತಲ್ಲ. 2008ರಲ್ಲಿ ಪೂಲ್ ಎಂಬ ಊರಿನ ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ), ಒಂದು ಕುಟುಂಬ ನಿಜವಾಗಿ ಶಾಲೆಯು ಮಕ್ಕಳನ್ನು ಸೇರಿಸಿಕೊಳ್ಳುವ ವ್ಯಾಪ್ತಿಯೊಳಗೇ ವಾಸವಿದೆಯಾ ಅಂತ ನೋಡಲು ಸುಮಾರು ಮೂರು ವಾರ ಗುಟ್ಟಾಗಿ ಹಿಂಬಾಲಿಸಿತ್ತು. ಆ ಕುಟುಂಬ ಇನ್ವೆಸ್ಟಿಗೇಟರಿ ಪವರ್ಸ್ ಟ್ರಿಬ್ಯೂನಲ್‌ಗೆ ಹೋಗಿ 2010ರಲ್ಲಿ ಗೆದ್ದಿತು. ಮುಂದೆ 2012ರ ಕಾಯ್ದೆ ಬಂದು, ಕೌನ್ಸಿಲ್‌ಗಳು ಹೀಗೆ ಗುಟ್ಟಾಗಿ ಗಮನಿಸಬೇಕಾದರೆ ಮ್ಯಾಜಿಸ್ಟ್ರೇಟ್ ಒಪ್ಪಿಗೆ ಬೇಕೇ ಬೇಕು ಅಂತಾಯಿತು. ಗುಟ್ಟಿನ ನಿಗಾ ಇದೆ ಅಂತ ಅನುಮಾನ ಬಂದರೆ ಹೋಗಬೇಕಾದ ಬಾಗಿಲು ಈ ಟ್ರಿಬ್ಯೂನಲ್. ಶುಲ್ಕ ಇಲ್ಲ, ಆದರೆ ಸಾಮಾನ್ಯವಾಗಿ ಒಂದು ವರ್ಷದೊಳಗೆ ಹೋಗಬೇಕು.

ವಿಮಾನ ನಿಲ್ದಾಣದಲ್ಲಿ ಮಾತ್ರ ಹುಷಾರು. 2000ದ ಟೆರರಿಸಂ ಕಾಯ್ದೆಯ 7ನೇ ಶೆಡ್ಯೂಲ್ ಪ್ರಕಾರ ಯಾವ ಅನುಮಾನವೂ ಇಲ್ಲದೆ 6 ಗಂಟೆಯವರೆಗೆ ಕೂರಿಸಿ ಪ್ರಶ್ನೆ ಕೇಳಬಹುದು, ಫೋನಿನ ಪಾಸ್‌ವರ್ಡ್ ಕೂಡ ಕೇಳಬಹುದು. ಇದು ನನಗೆ ಸ್ವಲ್ಪವೂ ಹಿಡಿಸದ ಅಧಿಕಾರ. ಆದರೆ ಅಲ್ಲಿ ಕೊಡಲ್ಲ ಅಂತ ಹಟ ಹಿಡಿದರೆ ಅದೇ ಒಂದು ಅಪರಾಧವಾಗುತ್ತದೆ. ಯಾವ ಕಾನೂನಿನಡಿ ಕೂರಿಸಿದ್ದೀರಿ ಅಂತ ಮರ್ಯಾದೆಯಿಂದ ಕೇಳಿ, ಕೊಟ್ಟ ಕಾಗದ ಜೋಪಾನ ಮಾಡಿ, ಹೊರಗೆ ಬಂದ ತಕ್ಷಣ ಗಂಟೆ, ನಂಬರ್ ಎಲ್ಲ ಬರೆದಿಟ್ಟುಕೊಳ್ಳಿ.