ಗಿಟಾರಿಗೆ ಮರ: ಮಂಗಳೂರು, ಉಡುಪಿಯಲ್ಲಿ ಎಲ್ಲಿ ಕೇಳಬೇಕು, ಏನು ನೋಡಬೇಕು

ಗಿಟಾರ್ ಮಾಡಲೆಂದು ಮರದ ಮಿಲ್ಲಿಗೆ ಹೋಗಿ ಬರೀ "ಬೀಟೆ ಇದೆಯಾ?" ಎಂದು ಕೇಳಿದರೆ ಬಾಗಿಲು, ಮಂಚಕ್ಕೆಂದು ಕೊಯ್ದಿಟ್ಟ ಹಲಗೆಯನ್ನೇ ತೋರಿಸುತ್ತಾರೆ. ಹಾಗಾಗಿ ಅಳತೆ ಬರೆದುಕೊಂಡೇ ಹೋಗಿ. ಗಿಟಾರಿನ ಬೆನ್ನಿಗೆ 22 ಇಂಚು ಉದ್ದ, 8½ ಇಂಚು ಅಗಲದ ಎರಡು ಹಾಳೆ ಬೇಕು. ಪಕ್ಕಗಳಿಗೆ 33 ಇಂಚು ಉದ್ದ, 5 ಇಂಚು ಅಗಲದ ಎರಡು ಪಟ್ಟಿ. ಎಲ್ಲವೂ ಕೊಯ್ದಾಗ 4.5 ಮಿ.ಮೀ. ದಪ್ಪ ಇರಲಿ, ಉಜ್ಜಿ ಇಳಿಸುವಾಗ ಬೆನ್ನು 2.5ಕ್ಕೆ, ಪಕ್ಕ 2ಕ್ಕೆ ಬರುತ್ತದೆ. ನೆಕ್‌ಗೆ (ಗಿಟಾರಿನ ಉದ್ದನೆಯ ಕುತ್ತಿಗೆ) 36 ಇಂಚು ಉದ್ದ, 3 ಇಂಚು ಅಗಲ, 1 ಇಂಚು ದಪ್ಪದ ನೇರ ಎಳೆಯ ಮಹಾಗನಿ ಸಾಕು.

ಹಲಗೆಯ ಮುಖಕ್ಕಿಂತ ಅದರ ತುದಿಯನ್ನು ನೋಡಿ. ತುದಿಯಲ್ಲಿ ಕಾಣುವ ಗೆರೆಗಳು ಮುಖಕ್ಕೆ ನೆಟ್ಟಗೆ ನಿಂತಿರಬೇಕು. ಇದೇ ಕ್ವಾರ್ಟರ್ ಕೊಯ್ತ. ಗೆರೆ ಕಮಾನಿನಂತೆ ಬಾಗಿದ್ದರೆ ನೋಡಲು ಚೆಂದ, ಆದರೆ ಒಣಗುವಾಗ ಸುಮಾರು ಎರಡು ಪಟ್ಟು ಕುಗ್ಗುತ್ತದೆ. ಗಿಟಾರಿನ ಬೆನ್ನು ಸೀಳುವುದಕ್ಕೆ ಹೆಚ್ಚಾಗಿ ಇದೇ ಕಾರಣ. ತುದಿ ಕಪ್ಪಾಗಿದ್ದರೆ ಅರ್ಧ ಇಂಚು ಕೊಯ್ದು ತೋರಿಸಲು ಹೇಳಿ. ಅದಕ್ಕೆ ಒಪ್ಪದವರ ಹತ್ತಿರ ಕೊಳ್ಳಬೇಡಿ. ಮರ ಕಡಿದದ್ದು ಯಾವಾಗ, ಕೊಯ್ದದ್ದು ಯಾವಾಗ ಎಂದು ಕೇಳಿದರೆ ತಡವರಿಸದೆ ಹೇಳುವವರು ಸಿಕ್ಕರೆ ಅಂಥವರನ್ನು ಬಿಡಬೇಡಿ.

ದಿಮ್ಮಿಯನ್ನೇ ಕೊಯ್ಯಿಸುವುದಾದರೆ ಸುತ್ತಳತೆ ಕನಿಷ್ಠ 6 ಅಡಿ ಇರಬೇಕು. ಅಂದರೆ ನಡುವಿನಿಂದ ಅಂಚಿಗೆ ಸುಮಾರು 11½ ಇಂಚು. ಹೊರಗಿನ ಬಿಳಿ ಒಂದೂವರೆ, ನಡುವಿನ ಬಿರುಕು ಭಾಗ ಒಂದೂವರೆ ಹೋದರೆ ಉಳಿಯುವ ಕೆಚ್ಚು 8½. ಅಷ್ಟು ದಪ್ಪದ ಮರ ಸಿಗದಿದ್ದರೆ 4½ ಇಂಚಿನ ನಾಲ್ಕು ಹಾಳೆ ಜೋಡಿಸಿ ಬೆನ್ನು ಮಾಡಬಹುದು, ನಾದಕ್ಕೆ ಅದರಿಂದ ಕೊರತೆಯಿಲ್ಲ. ಬಿಳಿ ಭಾಗವನ್ನು ಮಾತ್ರ ಉಳಿಸಿಕೊಳ್ಳಬೇಡಿ, ಕುಟ್ಟೆ ಹುಳ ಹೊಗುವುದು ಅಲ್ಲಿಂದಲೇ.

ಬ್ಯಾಂಡ್ ಸಾ (ಪಟ್ಟಿ ಗರಗಸ) ಇರುವ ಮಿಲ್ಲನ್ನೇ ಹುಡುಕಿ. ಅದರ ಗರಗಸ ತಿನ್ನುವುದು 2 ಮಿ.ಮೀ., ಹಾಗಾಗಿ 2 ಇಂಚಿನ ಹಲಗೆಯಲ್ಲಿ ಏಳು ಹಾಳೆ ಬರುತ್ತವೆ. 5 ಮಿ.ಮೀ. ತಿನ್ನುವ ವೃತ್ತ ಗರಗಸದಲ್ಲಿ ಐದೇ. ಸಿಎಫ್‌ಟಿ (ಘನ ಅಡಿ) ಲೆಕ್ಕವನ್ನು ನೀವೇ ಮಾಡಿ ನೋಡಿ: ದಪ್ಪ ಮತ್ತು ಅಗಲ ಇಂಚಿನಲ್ಲಿ, ಉದ್ದ ಅಡಿಯಲ್ಲಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. 2 ಇಂಚು ದಪ್ಪ, 8½ ಇಂಚು ಅಗಲ, 3 ಅಡಿ ಉದ್ದದ ಹಲಗೆ 0.35 ಸಿಎಫ್‌ಟಿ.

ಬೀಟೆಗೆ ಬಿಲ್ಲಿನ ಜೊತೆ ಅರಣ್ಯ ಇಲಾಖೆಯ ಸಾಗಾಟ ಪಾಸಿನ ನಂಬರ್ ಕೇಳಿ ಪಡೆಯಿರಿ. ಬೀಟೆ ಸೇರಿರುವ ಡಾಲ್ಬರ್ಜಿಯಾ ಕುಲ, ಮೊದಲನೇ ಅನುಬಂಧದಲ್ಲಿರುವ ಬ್ರೆಜಿಲಿನ ಡಾಲ್ಬರ್ಜಿಯಾ ನೈಗ್ರಾ ಒಂದನ್ನು ಬಿಟ್ಟು, 2017ರ ಜನವರಿ 2ರಿಂದ ಸೈಟಿಸ್ (ಅಳಿವಿನಂಚಿನ ಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದ) ಎರಡನೇ ಅನುಬಂಧದಲ್ಲಿದೆ. 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಬಂತು, ಬರೀ ಹಲಗೆಗೆ ಬರಲಿಲ್ಲ.

ಹಳೆ ಮನೆ ಕೆಡವಿದ ಮರ ಮಾರುವವರ ಅಂಗಳವನ್ನೂ ತಪ್ಪದೆ ನೋಡಿ. ಪಕ್ಕಾಸು, ರೀಪು ನಮ್ಮ ಕೆಲಸಕ್ಕೆ ಸಣ್ಣದಾಯಿತು. ಆದರೆ ತೊಲೆಯಲ್ಲಿ ನೆಕ್ ಸಿಗುತ್ತದೆ, ಬೀಟೆ ಮಂಚದ ಕಾಲಿನಲ್ಲಿ ತಂತಿಯ ಬುಡ ಕೂರುವ ಬ್ರಿಜ್ (7 × 1½ ಇಂಚು, 10 ಮಿ.ಮೀ.), ಮಂಚದ ಉದ್ದನೆಯ ಪಟ್ಟಿಯಲ್ಲಿ ಬೆರಳು ಒತ್ತುವ ಫ್ರೆಟ್‌ಬೋರ್ಡ್ (20 × 2¾ ಇಂಚು, 9 ಮಿ.ಮೀ.). ಕೊಯ್ಯುವ ಮೊದಲು ಆಯಸ್ಕಾಂತ ಆಡಿಸಿ, ಒಳಗೆ ಮುರಿದ ಒಂದು ಮೊಳೆ ಸಾಕು ಬ್ಲೇಡು ಹಾಳಾಗಲು. ಹಲಸು ಬೇಕಿದ್ದರೆ ಚೆಂಡೆ ಮಾಡುವವರನ್ನು ಕೇಳಿ, ಒಳ್ಳೆಯ ಮರ ಎಲ್ಲಿಂದ ಬರುತ್ತದೆಂದು ಅವರಿಗೆ ಗೊತ್ತಿರುತ್ತದೆ.

ಟಾಪ್‌ಗೆ, ಅಂದರೆ ಗಿಟಾರಿನ ಮುಂದಿನ ಹಲಗೆಗೆ, ಮಾತ್ರ ಊರಿನ ಮರ ಬೇಡ. ಹಲಸು, ತೇಗ ಎರಡೂ ಆ ಜಾಗಕ್ಕೆ ಭಾರ. ಅಲ್ಲಿಗೆ ಬಳಸುವ ಹಗುರ ಮರ ಸ್ಪ್ರೂಸನ್ನು ಹೊರದೇಶದಿಂದಲೇ ತರಿಸಬೇಕು, ಫೈಟೋಸ್ಯಾನಿಟರಿ (ಮರದಲ್ಲಿ ಕೀಟ, ರೋಗ ಇಲ್ಲವೆಂಬ) ಪ್ರಮಾಣಪತ್ರ ಕೊಡುವವರಿಂದಲೇ ತರಿಸಿ. ಮಾರುವವರು ಹೇಳುವ 'ಎಎಎ' ಎನ್ನುವುದು ಅಂದದ ದರ್ಜೆ, ಬಿಗುವಿನದ್ದಲ್ಲ. ಅದರ ಬದಲು ತೂಕ ಕೇಳಿ: 22 × 8½ ಇಂಚು, 4.5 ಮಿ.ಮೀ. ದಪ್ಪದ ಒಂದು ಹಾಳೆ 205ರಿಂದ 245 ಗ್ರಾಂ ಒಳಗಿರಲಿ. ಅಂಚಿನಿಂದ ಚೂರು ಸೀಳಿದರೆ ಸೀಳು ಮುಖಕ್ಕೆ ಸಮನಾಗಿ ಓಡಬೇಕು. ಓರೆಯಾಗಿ ಹೊರಬಂದರೆ ಎಳೆ ತುಂಡಾಗಿದೆ ಎಂದರ್ಥ, ತಂತಿಯ ಎಳೆತಕ್ಕೆ ಅದು ಬಾಗುತ್ತದೆ.

ಇನ್ನು ತೇವ. ನಮ್ಮ ಕರಾವಳಿಯಲ್ಲಿ ಹೆಚ್ಚಿನ ಗಿಟಾರ್ ಕೆಡುವುದು ಇದರಿಂದಲೇ. "ಒಣಗಿದ್ದು" ಎಂದು ಮಾರುವ ಮರದಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ 16–17 ಶೇಕಡಾ ನೀರಿರುತ್ತದೆ. ಗಿಟಾರಿಗೆ ಬೇಕಾದದ್ದು 8–9. ಆ ವ್ಯತ್ಯಾಸಕ್ಕೆ ಕ್ವಾರ್ಟರ್ ಕೊಯ್ತದ 16 ಇಂಚಿನ ಬೀಟೆ ಬೆನ್ನು ಸುಮಾರು 3 ಮಿ.ಮೀ. ಕುಗ್ಗುತ್ತದೆ. ಇಲ್ಲಿ ಹಸಿಯಾಗಿ ಅಂಟಿಸಿದ ವಾದ್ಯ ಬೆಂಗಳೂರಿಗೋ ದುಬೈಗೋ ಹೋದ ಮೇಲೆ ಬಿರಿಯುವುದು ಹೀಗೆ. ಜನವರಿಯಿಂದ ಮಾರ್ಚ್ ಒಳಗೆ ಕೊಳ್ಳಿ, ತೇವ ಅಳೆಯುವ ಪಿನ್ ಮೀಟರನ್ನು ಹೊಸದಾಗಿ ಕೊಯ್ದ ಮುಖಕ್ಕೆ ಚುಚ್ಚಿ ನೋಡಿ. ಮನೆಗೆ ತಂದ ಹಾಳೆಗಳ ತುದಿಗೆ ಮೇಣ ಬಳಿದು, ನಡುನಡುವೆ ಒಂದೇ ದಪ್ಪದ ಕಡ್ಡಿ ಇಟ್ಟು ಪೇರಿಸಿ. ಕೋಣೆಯ ಆರ್ದ್ರತೆಯನ್ನು ಡಿಹ್ಯುಮಿಡಿಫೈಯರ್‌ನಿಂದ (ಗಾಳಿಯ ತೇವ ಹೀರುವ ಯಂತ್ರ) ಶೇಕಡಾ 45–50ರಲ್ಲಿ ಹಿಡಿದಿಡಿ. ವಾರಕ್ಕೊಮ್ಮೆ ತೂಗಿ ಹಾಳೆಯ ಮೇಲೆಯೇ ಪೆನ್ಸಿಲಿನಲ್ಲಿ ಬರೆಯಿರಿ. ಸತತ ನಾಲ್ಕು ವಾರ ತೂಕ ಇಳಿಯದಿದ್ದರೆ ಪಕ್ಕ ಬಗ್ಗಿಸಲು ಶುರು ಮಾಡಬಹುದು.